ಸಹಾರಾ ನಡುವಿನ ತಿಬೆಸ್ತಿ ಬೆಟ್ಟಗಳಿಗೆ ಮೊದಲು ಹೋದದ್ದು ಯಾರು? ಅಲ್ಲಿ ನೀರು ಎಲ್ಲಿಂದ?

ಬದಿಯಡ್ಕದ ಅಮ್ಮ:
ಮಗಳ ಅಟ್ಲಾಸಿನಲ್ಲಿ ಸಹಾರಾ ನಡುವೆ, ಚಾಡ್ ದೇಶದ ಉತ್ತರ ಭಾಗದಲ್ಲಿ, ತಿಬೆಸ್ತಿ ಅಂತ ಒಂದು ಬೆಟ್ಟಸಾಲು ಇದೆ. ಅದರ ಎಮಿ ಕೂಸಿ ಶಿಖರ 3,400 ಮೀಟರಿಗಿಂತ ಎತ್ತರ, ಇಡೀ ಸಹಾರಾಕ್ಕೇ ದೊಡ್ಡದು. ಪೊಸಡಿ ಗುಂಪೆಯೇ ದೊಡ್ಡ ಗುಡ್ಡ ಅಂದುಕೊಂಡಿದ್ದ ಮಗು, ಮರಳಿನ ನಡುವೆ ಇದು ಹೇಗೆ ಬಂತು ಅಂತ ಕೇಳುತ್ತಾಳೆ. ಇದನ್ನು ಕಂಡುಹಿಡಿದದ್ದು ಯಾರು? ಅಲ್ಲಿ ಜನ ಇದ್ದಾರಾ?

ಪೈವಳಿಕೆ ಮಾಷ್ಟ್ರು:
ಜ್ವಾಲಾಮುಖಿಗಳಮ್ಮ. ಎಮಿ ಕೂಸಿಯೂ ಜ್ವಾಲಾಮುಖಿಯೇ. ತೂಸಿದೆ ಶಿಖರದ ಪಕ್ಕದಲ್ಲಿ ಕಿಲೋಮೀಟರ್‌ಗಟ್ಟಲೆ ಅಗಲದ ಒಂದು ದೊಡ್ಡ ಕುಳಿ ಇದೆ, ತಳದಲ್ಲಿ ಸೋಡಾ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿದೆ. ಉಪಗ್ರಹದ ಚಿತ್ರದಲ್ಲಿ ಮಗಳಿಗೆ ತೋರಿಸಿ, ಮರೆಯುವುದಿಲ್ಲ.

ಮಂಜೇಶ್ವರದವ:
ಅಕ್ಕ, "ಕಂಡುಹಿಡಿದ" ಅನ್ನುವುದು ಬೇಡ. ತೇದಾ ಜನ ಬಹಳ ಹಿಂದಿನಿಂದ ಅಲ್ಲಿದ್ದಾರೆ. ಬಂಡೆಗಳಲ್ಲಿ ದನ, ಜಿರಾಫೆ, ಆನೆಗಳ ಚಿತ್ರ ಇವೆ, ಅಂದರೆ ಒಂದು ಕಾಲಕ್ಕೆ ಅಲ್ಲಿ ಹುಲ್ಲೂ ನೀರೂ ಇತ್ತು. ಒಳಹೊಕ್ಕು ನೋಡಿ ಬರೆದ ಮೊದಲ ಯುರೋಪಿಯನ್ ಜರ್ಮನ್ ವೈದ್ಯ ಗುಸ್ಟಾವ್ ನಾಖ್ಟಿಗಾಲ್. ಪ್ರಶ್ಯದ (ಆಗಿನ ಜರ್ಮನ್ ರಾಜ್ಯ) ರಾಜ ಚಾಡ್ ಸರೋವರದ ಬಳಿಯ ಬೋರ್ನು ರಾಜ್ಯದ ಸುಲ್ತಾನನಿಗೆ ಕೊಟ್ಟ ಉಡುಗೊರೆ ತಲುಪಿಸಲು ಟ್ರಿಪೋಲಿಯಿಂದ ಹೊರಟವನು, 1869ರಲ್ಲಿ ಈಗಿನ ಲಿಬಿಯಾದ ದಕ್ಷಿಣದ ಊರು ಮುರ್ಜುಕ್‌ನಿಂದ ಈ ಕಡೆ ತಿರುಗಿದ. ದಾರಿಯಲ್ಲಿ ನೀರು ಮುಗಿದು ಸಾಯುವ ಹಂತಕ್ಕೆ ಬಂದ. ಹೇಗೋ ತಿಬೆಸ್ತಿಯ ಬರ್ದಾಯಿ ಊರು ಮುಟ್ಟಿದರೆ ಅಲ್ಲಿನವರಿಗೆ ಅವನ ಮೇಲೆ ನಂಬಿಕೆ ಇಲ್ಲ, ಹೊರಗೆ ಬಿಡಲಿಲ್ಲ, ಕೊನೆಗೆ ರಾತ್ರಿ ತಪ್ಪಿಸಿಕೊಂಡು ಮುರ್ಜುಕ್‌ಗೆ ಮರಳಿದ. ನನಗೆ ಊರಿನವರ ಅನುಮಾನವೂ ಅರ್ಥವಾಗುತ್ತದೆ. ಹೊರಗಿನವನು ಅಳೆದು ಬರೆದುಕೊಂಡು ಹೋದರೆ ಹಿಂದೆ ಯಾರು ಬರುತ್ತಾರೋ, ಅಲ್ವಾ? ಬಂದರು ಕೂಡ: ಫ್ರೆಂಚ್ ಸೈನ್ಯದ ಜಾನ್ ತಿಲೋ 1912ರಿಂದ 1917ರವರೆಗೆ ಆ ಸೀಮೆಯನ್ನೆಲ್ಲ ಅಳೆದು ನಕ್ಷೆ ಮಾಡಿದ.

ಬಾಯಾರಿನಿಂದ:
ನೀರಿನ ಮಾತು ಯಾರೂ ಹೇಳಲಿಲ್ಲ. ನಮ್ಮಜ್ಜ ನೀರಿಗಾಗಿ ಗುಡ್ಡಕ್ಕೆ ಸುರಂಗ ತೋಡುತ್ತಿದ್ದವರು, ಹಾಗಾಗಿ ನನಗೆ ಅದೇ ಮುಖ್ಯ. ಬರ್ದಾಯಿಯಲ್ಲಿ ವರ್ಷಕ್ಕೆ 20 ಮಿ.ಮೀ. ಮಳೆಯೂ ಸರಿಯಾಗಿ ಇಲ್ಲ, ನಮ್ಮ ಕಾಸರಗೋಡು ಕಡೆ 3,000 ದಾಟುತ್ತದೆ. ಆದರೂ ಎತ್ತರದಲ್ಲಿ ಅಪರೂಪಕ್ಕೆ ಬಿದ್ದ ಮಳೆ ಒಣ ಹೊಳೆಗಳಲ್ಲಿ ಇಳಿದು ಬರುತ್ತದೆ. ಆ ಕಣಿವೆಗಳಿಗೆ ಅಲ್ಲಿ ಎನ್ನೇರಿ ಅನ್ನುತ್ತಾರೆ. ನೆರಳಿರುವ ಬಂಡೆಗುಂಡಿಗಳಲ್ಲಿ ಆ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಅದು ಗೆಲ್ತಾ. ಕಣಿವೆಯ ಮರಳಿನಡಿಯ ನೀರಿಗೇ ಖರ್ಜೂರದ ತೋಟ. ನಮ್ಮದು ಬೇರೆ, ಮುರಕಲ್ಲು ಮಳೆಯನ್ನು ಹೀರಿ ಇಟ್ಟುಕೊಳ್ಳುತ್ತದೆ, ನಾವು ಅಡ್ಡಕ್ಕೆ ಕೊರೆದು ತರುತ್ತೇವೆ. ಅಲ್ಲಿ ಗುಂಡಿ ಎಲ್ಲಿದೆ ಅನ್ನುವುದು ಗೊತ್ತಿದ್ದರೆ ಮಾತ್ರ ಬದುಕು. ಆ ವೈದ್ಯ ಬಾಯಾರಿ ಬಿದ್ದದ್ದು ಅದಕ್ಕೇ.

ಬದಿಯಡ್ಕದ ಅಮ್ಮ:
ಎಲ್ಲವನ್ನೂ ಓದಿ ಹೇಳಿದೆ. ಈಗ ಅವಳಿಗೆ ಸುರಂಗ ನೋಡಬೇಕಂತೆ. ನಿಮ್ಮಜ್ಜ ತೋಡಿದ್ದರಲ್ಲಿ ಈಗಲೂ ನೀರು ಬರುವುದು ಇದೆಯಾ ಅಣ್ಣ? ಶನಿವಾರ ಬರಬಹುದಾ?