ಸೈನ್ಯವೋ, ಸಾಲವೋ, ಗಣಿಯೋ: ದೊಡ್ಡ ದೇಶಗಳ ಹಿಡಿತ ಯಾವುದರ ಮೇಲೆ ನಿಂತಿದೆ?

ಹಳೇ ಅಟ್ಲಾಸ್:
ಯಾವ ದೇಶ ಬಲಾಢ್ಯ ಅಂತ ಕೇಳಿದ್ರೆ ಸಾಕು, ಎಲ್ಲರೂ ಯುದ್ಧನೌಕೆ ಎಷ್ಟು, ಕ್ಷಿಪಣಿ ಎಷ್ಟು ಅಂತ ಲೆಕ್ಕ ಶುರು ಮಾಡ್ತಾರೆ. ನನ್ನ ಪ್ರಕಾರ ಅಸಲಿ ಬಲ ಇರೋದು ದುಡ್ಡಿನ ಮೇಲಿನ ಹಿಡಿತದಲ್ಲಿ. 1956 ನೋಡಿ, ಈಜಿಪ್ಟ್ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆ ರಾಷ್ಟ್ರೀಕರಣ ಮಾಡಿದ್ದಕ್ಕೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರ್ಕೊಂಡು ಈಜಿಪ್ಟ್ ಮೇಲೆ ಬಿದ್ದವು, ಯುದ್ಧದಲ್ಲಿ ಮೇಲುಗೈ ಅವರದ್ದೇ ಆಗಿತ್ತು, ಆದ್ರೂ ಬ್ರಿಟನ್ ತಲೆ ತಗ್ಗಿಸ್ಕೊಂಡು ವಾಪಸ್ ಬರಬೇಕಾಯ್ತು. ಯಾಕೆ? ಪೌಂಡ್ ಕುಸೀತಾ ಇತ್ತು, ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ನೆರವು ಬೇಕಿತ್ತು, ಅಮೆರಿಕ ಅಧ್ಯಕ್ಷ ಐಸೆನ್‌ಹೋವರ್ ಅದಕ್ಕೆ ಅಡ್ಡ ನಿಂತ್ರು. ಅಮೆರಿಕ ಒಂದು ಗುಂಡೂ ಹಾರಿಸಲಿಲ್ಲ. ಇವತ್ತು ಚೀನಾ ಅದೇ ದಾರಿ ಹಿಡಿದಿದೆ. ಶ್ರೀಲಂಕಾಗೆ ಸಾಲ ಕೊಡ್ತು, ತೀರಿಸೋಕೆ ಆಗದೇ ಇದ್ದಾಗ ಸಾಲದ ಬದಲಿಗೆ ಹಂಬನ್‌ತೋಟ ಬಂದರನ್ನೇ 99 ವರ್ಷಕ್ಕೆ ಬರೆಸ್ಕೊಂಡಿತು.

ಕೆಂಪು ಮಣ್ಣು:
"ಒಂದು ಗುಂಡೂ ಹಾರಿಸಲಿಲ್ಲ" ಅಂತ ಅಮೆರಿಕಕ್ಕೆ ಸರ್ಟಿಫಿಕೇಟ್ ಕೊಡೋ ಮುಂಚೆ ಮೂರು ವರ್ಷ ಹಿಂದಕ್ಕೆ ಹೋಗಿ ಸರ್. ಇರಾನಿನಲ್ಲಿ ಪ್ರಧಾನಿ ಮೊಸಾದೆಗ್ 1951ರಲ್ಲಿ ತೈಲ ರಾಷ್ಟ್ರೀಕರಣ ಮಾಡಿದ್ರು, 1953ರಲ್ಲಿ ಅಮೆರಿಕದ ಸಿಐಎ ಮತ್ತು ಬ್ರಿಟಿಷ್ ಬೇಹುಗಾರರು ಸೇರಿ ಅವರನ್ನ ಕೆಳಗಿಳಿಸಿದ್ರು. ಮುಂದಿನ ವರ್ಷವೇ ಇರಾನ್ ತೈಲದ ಹೊಸ ಒಕ್ಕೂಟದಲ್ಲಿ ಅಮೆರಿಕದ ಕಂಪನಿಗಳಿಗೆ ಶೇ. 40 ಪಾಲು ಸಿಕ್ತು. ಚುನಾಯಿತ ನಾಯಕನನ್ನ ಉರುಳಿಸಿ ತಗೊಂಡ ಪಾಲು ಅದು. ದುಡ್ಡಿನ ಹಿಡಿತ ಅನ್ನೋದು ಈ ಥರ ಬಂದೂಕಿನ ಹಿಂದೆ ಹಿಂದೆಯೇ ಬಂದಿದೆ.

ದಾಖಲೆ ಪ್ರಿಯ:
ಇರಾನ್ ಪಕ್ಕಕ್ಕಿಡಿ. "ಸಾಲದ ಬದಲಿಗೆ ಬರೆಸ್ಕೊಂಡಿತು" ಅನ್ನೋದು ಸುಳ್ಳು, ಹತ್ತು ವರ್ಷದಿಂದ ಎಲ್ಲರೂ ಇದನ್ನೇ ಹೇಳ್ಕೊಂಡು ಓಡಾಡ್ತಿದಾರೆ. 2017ರಲ್ಲಿ ಚೈನಾ ಮರ್ಚೆಂಟ್ಸ್ ಕಂಪನಿ ಗುತ್ತಿಗೆಗೆ ಸುಮಾರು 112 ಕೋಟಿ ಡಾಲರ್ ಕೊಡ್ತು, ಆ ದುಡ್ಡನ್ನ ಶ್ರೀಲಂಕಾ ತನ್ನ ವಿದೇಶಿ ವಿನಿಮಯ ಸಂಗ್ರಹಕ್ಕೆ ಹಾಕ್ಕೊಂಡಿತು. ಬಂದರು ಕಟ್ಟೋಕೆ ಚೀನಾದ ಎಕ್ಸಿಮ್ ಬ್ಯಾಂಕ್ ಕೊಟ್ಟಿದ್ದ ಸಾಲ ರದ್ದಾಗಲೇ ಇಲ್ಲ, ಅದನ್ನ ಶ್ರೀಲಂಕಾ ಆಮೇಲೂ ಕಟ್ಟಲೇಬೇಕಿತ್ತು. 2021ರ ಹೊತ್ತಿಗೆ ಅವರ ವಿದೇಶಿ ಸಾಲದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಅಂತಾರಾಷ್ಟ್ರೀಯ ಬಾಂಡ್‌ಗಳದ್ದು, ಅಂದ್ರೆ ಹೊರದೇಶದ ಹೂಡಿಕೆದಾರರಿಂದ ಮಾರುಕಟ್ಟೇಲಿ ಎತ್ತಿದ ಸಾಲದ್ದು, ಚೀನಾದ್ದು ಶೇ. 10ರ ಹತ್ತಿರ ಇತ್ತು.

ಹಳೇ ಅಟ್ಲಾಸ್:
ಶೇ. 10 ಅಂತೆ. ಅದು ಸರ್ಕಾರ ನೇರವಾಗಿ ತಗೊಂಡ ಸಾಲದ ಟೇಬಲ್ ಸ್ವಾಮಿ. ಸರ್ಕಾರಿ ಸಂಸ್ಥೆಗಳಿಗೆ ಕೊಟ್ಟ ಚೀನೀ ಸಾಲ ಸೇರಿಸಿದ್ರೆ ಶೇ. 20ರ ಆಸುಪಾಸಿಗೆ ಹೋಗುತ್ತೆ, ಅದನ್ನ ಯಾಕೆ ಬಿಟ್ರಿ? ಬಡ್ಡಿ ಎಷ್ಟಿತ್ತು ಅಂತಾನೂ ಬರೀರಿ. ಬಂದರಿನ ಮೊದಲ ಹಂತಕ್ಕೆ 2007ರಲ್ಲಿ ಕೊಟ್ಟ 30.7 ಕೋಟಿ ಡಾಲರಿಗೆ ಶೇ. 6.3.

ದಾಖಲೆ ಪ್ರಿಯ:
ಬಡ್ಡಿ ಕೇಳಿದ್ರಲ್ಲ, ಕೇಳಿ. ಅದೇ 2007ರಲ್ಲಿ ಶ್ರೀಲಂಕಾ ಮೊದಲ ಸಲ ಅಂತಾರಾಷ್ಟ್ರೀಯ ಬಾಂಡ್ ಬಿಟ್ಟಿತು, 50 ಕೋಟಿ ಡಾಲರ್, ಬಡ್ಡಿ ಶೇ. 8.25. ಯಾವುದು ಜಾಸ್ತಿ ನೀವೇ ಹೇಳಿ. ಇನ್ನೊಂದು ವಿಷಯ, ಈ ಬಂದರಿನ ಕನಸು ಬೀಜಿಂಗಿಂದ ಬಂದಿದ್ದೂ ಅಲ್ಲ, 2003ರಲ್ಲೇ ಕೆನಡಾದ ಕಂಪನಿಯೊಂದು ಸಾಧ್ಯತಾ ವರದಿ ಕೊಟ್ಟಿತ್ತು.

ನಾವಿಕ:
ಕೆನಡಾ ವರದಿ ಬರೀತು, ಸರಿ. 2022ರ ಆಗಸ್ಟ್‌ನಲ್ಲಿ ಹಂಬನ್‌ತೋಟಕ್ಕೆ ಬಂದು ನಿಂತಿದ್ದು ಕೆನಡಾದ ಹಡಗಾ? ಯುವಾನ್ ವಾಂಗ್ 5, ಉಪಗ್ರಹ ಮತ್ತು ಕ್ಷಿಪಣಿ ಟ್ರ್ಯಾಕ್ ಮಾಡೋ ಹಡಗು. ಶ್ರೀಲಂಕಾ ಮೊದಲು ಮುಂದಕ್ಕೆ ಹಾಕಿ ಅಂತು, ಆಮೇಲೆ ಒಪ್ಕೊಂಡಿತು. ಆ ವರ್ಷದ ಏಪ್ರಿಲ್‌ನಲ್ಲಷ್ಟೇ ಸಾಲ ಕಟ್ಟೋಕಾಗಲ್ಲ ಅಂತ ಕೈಚೆಲ್ಲಿದ್ದ ದೇಶ ಅದು, ಸಾಲ ಮರುಹೊಂದಿಸೋಕೆ ಚೀನಾದ ಒಪ್ಪಿಗೆ ಬೇಕಿತ್ತು, ಅಂಥ ಸ್ಥಿತೀಲಿ ಇಲ್ಲ ಅನ್ನೋ ತಾಕತ್ತು ಎಲ್ಲಿರುತ್ತೆ?

ದಾಖಲೆ ಪ್ರಿಯ:
ನಾನು ಮಾತಾಡ್ತಿರೋದು 2017ರ ಒಪ್ಪಂದ, ನೀವು ತರ್ತಿರೋದು 2022ರ ಹಡಗು.

ನೇರನುಡಿ:
ಚೀನಾ ವಕೀಲಿಕೆ ಸಾಕು ಮಾಡಿ! 99 ವರ್ಷಕ್ಕೆ ನೆಲ ಹೋಗಿದೆ, ಹಡಗು ಬಂದಿದೆ, ಇನ್ನೂ ಬಡ್ಡಿ ಶೇಕಡಾವಾರು ಎಣಿಸ್ತಾ ಕೂತಿದೀರಿ, ನಾಚಿಕೆ ಆಗ್ಬೇಕು.

ದಾಖಲೆ ಪ್ರಿಯ:
ವಕೀಲಿಕೆ ಅಂತೀಯಾ? ಒಂದೇ ಒಂದು ಅಂಕಿ ತಪ್ಪು ಅಂತ ತೋರಿಸು, ಆಮೇಲೆ ನಾಚಿಕೆ ಮಾತಾಡೋಣ. ಆ ದೇಶ ಮುಳುಗಿದ್ದಕ್ಕೆ ಅಲ್ಲಿನ ಸರ್ಕಾರವೇ ಮಾಡಿದ ತೆರಿಗೆ ಕಡಿತ, ರಾತ್ರೋರಾತ್ರಿ ತಂದ ರಸಗೊಬ್ಬರ ನಿಷೇಧ, ಕೈಮೀರಿದ ಬಾಂಡ್ ಸಾಲ ಎಲ್ಲಾ ಕಾರಣ. ಅದನ್ನ ಓದೋ ತಾಳ್ಮೆ ಇಲ್ಲದವರಿಗೆ ಚೀನಾ ಅನ್ನೋ ಒಂದು ಹೆಸರು ಸಾಕು.

ಗಣಿನೋಟ:
ಒಂದೇ ಬಂದರಿಗೆ ಇಡೀ ಚರ್ಚೆ ಸುರೀತಿದೀರಿ, ಅಷ್ಟರಲ್ಲಿ ಮುಖ್ಯ ವಿಷಯ ಕೈ ಬಿಟ್ಟೋಯ್ತು. ಇವತ್ತಿನ ಸ್ಪರ್ಧೆ ಖನಿಜದ್ದು, ಅದರಲ್ಲೂ ಖನಿಜ ಶುದ್ಧೀಕರಿಸೋರು ಯಾರು ಅನ್ನೋದರದ್ದು. ಅಪರೂಪದ ಭೂಲೋಹಗಳು ಅಂತೀವಲ್ಲ, ಎಲೆಕ್ಟ್ರಿಕ್ ಕಾರಿನ ಮೋಟಾರಿನಿಂದ ಹಿಡಿದು ಯುದ್ಧವಿಮಾನದವರೆಗೂ ಬೇಕಾಗೋ ಮ್ಯಾಗ್ನೆಟ್ ಅದರಿಂದಲೇ ಆಗೋದು. ಒಂದು ಕಾಲಕ್ಕೆ ಜಗತ್ತಿಗೆ ಅದನ್ನ ಹೆಚ್ಚಾಗಿ ಕೊಡ್ತಿದ್ದಿದ್ದು ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ. ಪರಿಸರದ ತೊಂದರೆ ಬಂತು, ಚೀನಾದ ಅಗ್ಗದ ಮಾಲಿನ ಮುಂದೆ ನಿಲ್ಲೋಕಾಗಲಿಲ್ಲ, 2002ರಲ್ಲಿ ಗಣಿ ಮುಚ್ಚಿದ್ರು. ಆಮೇಲೆ ಮತ್ತೆ ತೆರೆದ್ರೂ ಎಷ್ಟೋ ವರ್ಷ ಅಲ್ಲಿ ಅಗೆದ ಅದಿರು ಸಂಸ್ಕರಣೆಗೆ ಚೀನಾಕ್ಕೇ ಹೋಗ್ತಿತ್ತು! ಬ್ಯಾಟರಿಗೆ ಬೇಕಾಗೋ ಕೋಬಾಲ್ಟ್ ಕಥೆ ಇನ್ನೂ ಕೆಟ್ಟದು, ಜಗತ್ತಿನ ಶೇ. 70ರಷ್ಟು ಕೋಬಾಲ್ಟ್ ಅಗೆಯೋದು ಕಾಂಗೋದಲ್ಲಿ, ಅಲ್ಲಿನ ತೆಂಕೆ ಫುಂಗುರುಮೆ ಅನ್ನೋ ದೊಡ್ಡ ಗಣಿಯಲ್ಲಿ ತನಗಿದ್ದ ಪಾಲನ್ನ ಅಮೆರಿಕದ ಫ್ರೀಪೋರ್ಟ್ ಕಂಪನಿ 2016ರಲ್ಲಿ 265 ಕೋಟಿ ಡಾಲರಿಗೆ ಚೀನೀ ಕಂಪನಿಗೆ ಮಾರಿತು. ಸೈನ್ಯ ಬರಲಿಲ್ಲ, ಸಾಲ ಕೊಡಲಿಲ್ಲ, ಚೆಕ್ ಬರೆದು ಕೊಟ್ರು ಅಷ್ಟೇ.

ಕೆಂಪು ಮಣ್ಣು:
"ಸೈನ್ಯ ಬರಲಿಲ್ಲ" ಅಂತ ಕಾಂಗೋ ಬಗ್ಗೆ ಹೇಗೆ ಬರೀತೀರಿ? ಹಿರೋಶಿಮಾ ಬಾಂಬಿನ ಯುರೇನಿಯಂನಲ್ಲಿ ಬಹುಪಾಲು ಕಾಂಗೋದ ಶಿಂಕೊಲೊಬ್ವೆ ಗಣಿಯದ್ದು, ಆಗ ಆ ದೇಶ ಬೆಲ್ಜಿಯಂ ಕೈಯಲ್ಲಿತ್ತು. 1960ರಲ್ಲಿ ಸ್ವಾತಂತ್ರ್ಯ ಬಂದ ಕೆಲವೇ ದಿನಕ್ಕೆ ಗಣಿಗಳ ಕಟಾಂಗ ಪ್ರಾಂತ್ಯ ಬೆಲ್ಜಿಯಂ ಬೆಂಬಲದಿಂದ ಬೇರೆ ಆಗ್ತೀವಿ ಅಂತು, 1961ರ ಜನವರಿಯಲ್ಲಿ ದೇಶದ ಮೊದಲ ಪ್ರಧಾನಿ ಲುಮುಂಬಾರನ್ನ ಅದೇ ಕಟಾಂಗಕ್ಕೆ ಸಾಗಿಸಿ ಗುಂಡಿಟ್ಟು ಕೊಂದ್ರು. ಆ ನೆಲದಲ್ಲಿ ನೀವು ಹೇಳೋ ಚೆಕ್ ಓಡೋದೇ ಈ ರಕ್ತ ಹರಿದ ಮೇಲೆ.

ಗಣಿನೋಟ:
ಲುಮುಂಬಾ ಹತ್ಯೆ ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಷ್ಟೆಲ್ಲ ರಕ್ತ ಹರಿಸಿದ ಪಾಶ್ಚಾತ್ಯರ ಕೈಯಲ್ಲಿ ಇವತ್ತು ಆ ಕೋಬಾಲ್ಟಿನ ಬಹುಪಾಲು ಇಲ್ವಲ್ಲ, ನನ್ನ ಪಾಯಿಂಟ್ ಅದೇ.

ನಾವಿಕ:
ಸಂಸ್ಕರಣೆಯೇ ಎಲ್ಲಾ ಅಂದ್ರೆ ಜಪಾನ್ ಹೇಗೆ ತಪ್ಪಿಸ್ಕೊಂಡಿತು? 2010ರಲ್ಲಿ ಜಪಾನ್, ಚೀನಾ ಎರಡೂ ತಮ್ಮದು ಅನ್ನೋ ಸೆಂಕಾಕು ದ್ವೀಪಗಳ ಹತ್ತಿರ ದೋಣಿ ಡಿಕ್ಕಿಯಾಗಿ ಜಗಳ ಎದ್ದಾಗ ಚೀನಾದಿಂದ ಭೂಲೋಹದ ಸಾಗಣೆ ನಿಂತೋಯ್ತು. ಜಪಾನ್ ಮರುವರ್ಷವೇ ಆಸ್ಟ್ರೇಲಿಯಾದ ಲೈನಸ್ ಅನ್ನೋ ಭೂಲೋಹ ಕಂಪನಿಗೆ ದುಡ್ಡು ಹಾಕಿತು, ಚೀನಾ ಮೇಲಿನ ಅವಲಂಬನೆ ಸುಮಾರು ಶೇ. 90 ಇದ್ದದ್ದು 60ರ ಹತ್ತಿರ ಬಂತು.

ಗಣಿನೋಟ:
60 ಅಂದ್ರೆ ತಪ್ಪಿಸ್ಕೊಂಡ ಹಾಗಾ? ಅಷ್ಟು ಶ್ರೀಮಂತ ದೇಶ, ಹತ್ತು ವರ್ಷಕ್ಕೂ ಮೇಲೆ ಹೆಣಗಾಡಿದ ಮೇಲೂ ಅರ್ಧಕ್ಕಿಂತ ಜಾಸ್ತಿ ಅವರ ಹತ್ರಾನೇ ತಗೋತಿದೆ.

ಕೆಂಪು ಮಣ್ಣು:
ಬಡ ದೇಶ ತನ್ನ ಅದಿರನ್ನ ತಾನೇ ಸಂಸ್ಕರಿಸೋಕೆ ಹೊರಟ್ರೆ ಏನಾಗುತ್ತೆ ಅಂತಾನೂ ನೋಡಿ. ಇಂಡೋನೇಷ್ಯಾ 2020ರಲ್ಲಿ ನಿಕಲ್ ಅದಿರಿನ ರಫ್ತು ನಿಲ್ಲಿಸ್ತು, ಇಲ್ಲೇ ಕಾರ್ಖಾನೆ ಹಾಕಿ ಅಂತು. ಯುರೋಪಿಯನ್ ಒಕ್ಕೂಟ ಸೀದಾ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯೂಟಿಒ) ಓಡ್ತು, 2022ರಲ್ಲಿ ತೀರ್ಪು ಇಂಡೋನೇಷ್ಯಾ ವಿರುದ್ಧ ಬಂತು. ತಮ್ಮ ಕಾರ್ಖಾನೆಗಳನ್ನ ಸುಂಕದ ಗೋಡೆ ಕಟ್ಟಿ ಬೆಳೆಸಿದ ದೇಶಗಳು ಬೇರೆಯವರಿಗೆ ಅದನ್ನ ಮಾಡಬೇಡಿ ಅಂತವೆ. ಇದಕ್ಕಿಂತ ದೊಡ್ಡ ಹಿಡಿತ ಯಾವುದಿದೆ?

ಹಳೇ ಅಟ್ಲಾಸ್:
ಅಲ್ಲಿ ಎದ್ದ ನಿಕಲ್ ಕಾರ್ಖಾನೆಗಳಲ್ಲಿ ಬಹುಪಾಲು ಯಾರ ಬಂಡವಾಳ? ಚೀನಾದ್ದು. ಸುತ್ತಿ ಬಳಸಿ ನನ್ನ ಮೊದಲನೇ ಮಾತಿಗೇ ಬಂದ್ರಿ, ದುಡ್ಡು ಯಾರದ್ದೋ ಹಿಡಿತ ಅವರದ್ದು. ಹಂಬನ್‌ತೋಟದಲ್ಲೂ ಇದೇ ಆಗಿದ್ದು.

ದಾಖಲೆ ಪ್ರಿಯ:
ಮತ್ತೆ ಹಂಬನ್‌ತೋಟ! ಅಲ್ಲಿ ಸಾಲ ರದ್ದಾಗಲಿಲ್ಲ ಅಂತ ಬರೆದಿದ್ದಕ್ಕೆ ನಿಮ್ಮಿಂದ ಇನ್ನೂ ಉತ್ತರ ಬಂದಿಲ್ಲ. ರದ್ದಾಯ್ತೋ ಇಲ್ವೋ, ಅದೊಂದು ಹೇಳಿ.

ಹಳೇ ಅಟ್ಲಾಸ್:
ಸಾಲ ರದ್ದಾಗಲಿಲ್ಲ ಅಂದ್ರೆ ಪರಿಸ್ಥಿತಿ ಇನ್ನೂ ಕೆಟ್ಟದಾಯ್ತಲ್ರೀ, ಬಂದರೂ ಹೋಯ್ತು, ಸಾಲವೂ ಉಳೀತು. ನನ್ನ ವಾದಕ್ಕೆ ನೀವೇ ಬಲ ಕೊಡ್ತಿದೀರಿ.

ದಾಖಲೆ ಪ್ರಿಯ:
112 ಕೋಟಿ ಡಾಲರ್ ಬಂದಿದ್ದು ಮತ್ತೆ ಬಿಟ್ರಿ. ನೀವು ಮೊದಲ ಕಾಮೆಂಟಲ್ಲಿ ಬರೆದಿದ್ದು "ಸಾಲದ ಬದಲಿಗೆ" ಅಂತ, ಇನ್ನೂ ಅಲ್ಲೇ ಇದೆ, ಮೇಲೆ ಹೋಗಿ ಓದಿ.