ಮದುವೆಗೆ ಮೊದಲು ಮುಖದ ಮಸಾಜ್: ಮಾಡಿಸಿಕೊಂಡವರು ಹೇಳಿ

ಕಾರವಾರದಿಂದ ಪ್ರಶ್ನೆ: ನನ್ನ ನಾದಿನಿಯ ಮದುವೆ ಮುಂದಿನ ತಿಂಗಳು. ಮುಖಕ್ಕೆ ಕಳೆ ಬರುತ್ತದೆಂದು ವಾರವಾರವೂ ಪಾರ್ಲರಿನಲ್ಲಿ ಮಸಾಜ್ ಮಾಡಿಸಿಕೊಳ್ಳುವ ಹಟ ಅವಳದು. ಕೆನ್ನೆಯ ಮೇಲೆ ಕೀವು ತುಂಬಿದ ಮೊಡವೆಗಳಿವೆ. ಮಾಡಿಸಿದವರಿಗೆ ಏನಾದರೂ ತೊಂದರೆಯಾಗಿತ್ತೇ?

ಕುಮಟಾದಿಂದ: ಕೀವಿನ ಮೊಡವೆ ಇರುವಾಗ ಬೇಡವೇ ಬೇಡ ಅಕ್ಕ. ನನ್ನ ತಂಗಿಗೆ ಹೀಗೇ ಆಯಿತು. ಪಾರ್ಲರಿನವರು ಕೊಬ್ಬರಿ ಎಣ್ಣೆ ಹಾಕಿ ಒತ್ತಿ ತಿಕ್ಕಿದರು. ಆ ಸಂಜೆ ಮುಖ ಹೊಳೆಯಿತು, ನಿಜ. ಉಜ್ಜಿದಾಗ ರಕ್ತ ಓಡಿ ಬಂದರೆ ಯಾರ ಮುಖವಾದರೂ ಹೊಳೆಯುತ್ತದೆ. ಕೆಲವೇ ದಿನಗಳಲ್ಲಿ ಹಣೆ, ಗದ್ದ ಎಲ್ಲೆಡೆ ಗುಳ್ಳೆ. ಒತ್ತಿದಾಗ ಮೊಡವೆ ಚರ್ಮದೊಳಗೇ ಒಡೆದು ಉರಿಯೂತ ಅಕ್ಕಪಕ್ಕಕ್ಕೆ ಹಬ್ಬುತ್ತದೆ, ಎಣ್ಣೆ ರಂಧ್ರಗಳನ್ನು ಮುಚ್ಚುತ್ತದೆ ಎಂದರು ಚರ್ಮದ ವೈದ್ಯರು. ಗುಳ್ಳೆ ಹೋದ ಮೇಲೂ ಕಪ್ಪು ಕಲೆಗಳು ತಿಂಗಳುಗಟ್ಟಲೆ ಉಳಿದವು. ನಮ್ಮಂಥ ಕಂದು ಮೈಬಣ್ಣದವರಿಗೆ ಮೊಡವೆಗಿಂತ ಕಲೆಯ ಕಾಟವೇ ಹೆಚ್ಚು. ಕರಾವಳಿಯ ಈ ಸೆಕೆಯಲ್ಲಿ ಮುಖಕ್ಕೆ ಎಣ್ಣೆ ಬಳಿದುಕೊಂಡು ಕೂರುವುದೇ ಶಿಕ್ಷೆ, ಅದು ಬೇರೆ ಮಾತು.

ಶಿರಸಿಯಿಂದ, ಪಾರ್ಲರ್ ನಡೆಸುವವಳು: ಎಲ್ಲವನ್ನೂ ಮಸಾಜಿನ ತಲೆಗೆ ಕಟ್ಟಬೇಡಿ. ಮೊಡವೆಯಿಲ್ಲದ ಮುಖಕ್ಕೆ ಹಗುರ ಕೈಯಲ್ಲಿ ಮಾಡಿದರೆ ಹಾಯೆನಿಸುತ್ತದೆ, ಬೆಳಗಿನ ಊತ ಸ್ವಲ್ಪ ಹೊತ್ತು ಇಳಿಯುತ್ತದೆ. ಸುಕ್ಕು ಹೋಗುತ್ತದೆ, ಬಣ್ಣ ಬರುತ್ತದೆ ಎಂದೆಲ್ಲ ನಾನು ಗಿರಾಕಿಗಳಿಗೆ ಹೇಳುವುದಿಲ್ಲ. ಬಂಗು ಇದ್ದವರನ್ನು ವಾಪಸು ಕಳಿಸುತ್ತೇನೆ. ಉಜ್ಜಿದರೆ ಅದು ಇನ್ನಷ್ಟು ಗಾಢವಾಗಬಹುದು. ತುಟಿಯಂಚಿನಲ್ಲಿ ನೀರ್ಗುಳ್ಳೆ ಎದ್ದಿದ್ದರೂ ಅಷ್ಟೇ. ಅದು ಹರ್ಪಿಸ್ ಎಂಬ ವೈರಸ್ ಸೋಂಕಾಗಿದ್ದರೆ ನನ್ನ ಕೈಗೂ ಮುಂದಿನ ಗಿರಾಕಿಯ ಮುಖಕ್ಕೂ ದಾಟೀತು. ಸುಕ್ಕು, ಮೊಡವೆಗೆಂದು ರೆಟಿನಾಲ್ (ವಿಟಮಿನ್ ಎ ಬಗೆಯ ಕ್ರೀಮು) ಹಚ್ಚುವವರು ಮೊದಲೇ ತಿಳಿಸಬೇಕು, ಅವರ ಚರ್ಮ ಬೇಗ ಸುಲಿಯುತ್ತದೆ. ಸುವಾಸನೆಯ ಕ್ರೀಮು, ಎಣ್ಣೆ ಯಾವುದಿದ್ದರೂ ಮೊದಲು ಮೊಣಕೈ ಮಡಿಕೆಗೆ ಹಚ್ಚಿ ಒಂದೆರಡು ದಿನ ನೋಡಲಿ. ಅಲರ್ಜಿಯ ತುರಿಕೆ ಮಾರನೆಯ ದಿನವೂ ಏಳಬಹುದು.

ಅಂಕೋಲಾದಿಂದ: ನಮ್ಮ ಅತ್ತೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೊಬೈಲಿನಲ್ಲಿ ನೋಡಿ ತರಿಸಿದ ಕಲ್ಲಿನ ಪಟ್ಟಿಯಿಂದ ಕೆನ್ನೆ ತೀಡಿಕೊಂಡರು, ಮರುದಿನ ನೀಲಿಗಟ್ಟಿತ್ತು. ಬಂದ ನೆಂಟರೆಲ್ಲ ಸೊಸೆಯಾದ ನನ್ನನ್ನೇ ದಿಟ್ಟಿಸಿದರು!

ಕಾರವಾರದಿಂದ, ನರ್ಸ್: ಕುತ್ತಿಗೆಯ ವಿಷಯವನ್ನು ಯಾರೂ ಎತ್ತಲಿಲ್ಲ. ದವಡೆಯ ಕೆಳಗೆ ನಾಡಿ ಮಿಡಿಯುವ ಜಾಗವನ್ನು ಒತ್ತಲು ಬಿಡಬೇಡಿ. ರಕ್ತದೊತ್ತಡವನ್ನು ಗ್ರಹಿಸುವ ನರತುದಿಗಳು ಅಲ್ಲಿವೆ. ಬಲವಾಗಿ ಒತ್ತಿದರೆ ಎದೆಬಡಿತ ನಿಧಾನವಾಗಿ ತಲೆಸುತ್ತು ಬರಬಹುದು, ವಯಸ್ಸಾದವರು ಪ್ರಜ್ಞೆಯನ್ನೂ ತಪ್ಪಬಹುದು. ಇನ್ನೊಂದು: ಬೇಗ ಬೆಳ್ಳಗಾಗಲೆಂದು ಹೆಸರಿಲ್ಲದ ಡಬ್ಬಿಯ ಕ್ರೀಮು ಹಚ್ಚಿದರೆ ಒಪ್ಪಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಚರ್ಮ ತೆಳುವಾಗುತ್ತದೆ, ಬಿಟ್ಟ ಮೇಲೆ ಮುಖ ಕೆಂಪಾಗಿ ಉರಿಯುತ್ತದೆ.

ಪ್ರಶ್ನೆ ಕೇಳಿದವರು: ನಾದಿನಿಗೆ ಓದಿ ಹೇಳಿದೆ. ಮುಖ ಊದಿಸಿಕೊಂಡಳು, ಆದರೂ ಮೊದಲು ಚರ್ಮದ ವೈದ್ಯರ ಬಳಿ ಹೋಗಲು ಒಪ್ಪಿದ್ದಾಳೆ. ಮನೆಯಲ್ಲಿ ಮುರುಗಲ (ಕೋಕಂ) ಬೀಜದ ತುಪ್ಪವಿದೆ, ಅದನ್ನಾದರೂ ಹಚ್ಚಬಹುದೇ ಎಂದು ಕೇಳುತ್ತಿದ್ದಾಳೆ.

ಶಿರಸಿಯಿಂದ: ಒಡೆದ ತುಟಿಗೂ ಹಿಮ್ಮಡಿಗೂ ಧಾರಾಳವಾಗಿ ಹಚ್ಚಲಿ. ಕೆನ್ನೆಯ ಮಾತನ್ನು ವೈದ್ಯರು ನೋಡಿದ ಮೇಲೆ ಆಡೋಣ.