"ಹ್ಯಾವ್" ಎಂದರೆ "ಹೊಂದು" ಎಂದು ಹೇಳಿಕೊಡುವುದು ಸರಿಯೇ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಕನ್ನಡ ಮಾಧ್ಯಮದ ಎಂಟನೆಯ ತರಗತಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಕಳೆದ ವಾರ "ಐ ಹ್ಯಾವ್ ಎ ಫೀವರ್" ಎಂಬ ವಾಕ್ಯವನ್ನು ಕನ್ನಡದಲ್ಲಿ ಹೇಳಿ ಎಂದಾಗ ಹುಡುಗನೊಬ್ಬ ಎದ್ದುನಿಂತು "ನಾನು ಜ್ವರವನ್ನು ಹೊಂದಿದ್ದೇನೆ" ಎಂದು ಗಂಭೀರವಾಗಿ ಓದಿದ. ತರಗತಿಯೆಲ್ಲ ನಕ್ಕಿತು. ತಪ್ಪು ಅವನದಲ್ಲ, "ಹ್ಯಾವ್ ಎಂದರೆ ಹೊಂದು" ಎಂದು ಹಿಂದಿನ ದಿನ ಹಲಗೆಯ ಮೇಲೆ ಬರೆದವಳು ನಾನೇ. ಈ ಕ್ರಿಯಾಪದವನ್ನು ಮಕ್ಕಳಿಗೆ ಹೇಗೆ ವಿವರಿಸಬೇಕು? ಇನ್ನೊಂದು ಸಂದೇಹವೂ ಇದೆ. "ಐ ಆಮ್ ಹ್ಯಾವಿಂಗ್ ಲಂಚ್" ಎಂಬುದು ಸರಿಯಾದರೆ "ಐ ಆಮ್ ಹ್ಯಾವಿಂಗ್ ಎ ಬೈಸಿಕಲ್" ಎಂಬುದು ಏಕೆ ತಪ್ಪು? ತಪ್ಪೆಂದು ನನಗೆ ಗೊತ್ತು, ಆದರೆ ಕಾರಣ ಕೇಳಿದರೆ ಹೇಳಲು ಬರುವುದಿಲ್ಲ.

ಉತ್ತರ 1: ಅನುವಾದಕ, ಮೈಸೂರು

ಮೇಡಂ, ಕನ್ನಡದಲ್ಲಿ ಈ ಕ್ರಿಯಾಪದಕ್ಕೆ ನೇರವಾದ ಜೊತೆಗಾರನಿಲ್ಲ ಎಂಬುದನ್ನೇ ಮೊದಲು ಮಕ್ಕಳಿಗೆ ಹೇಳಿಬಿಡುವುದು ಒಳ್ಳೆಯದು. "ಹ್ಯಾವ್" ಎಂಬುದು "ಹಿಡಿ" ಎಂಬ ಅರ್ಥವಿದ್ದ ಹಳೆಯ ಧಾತುವಿನಿಂದ ಬಂದದ್ದು. ಲ್ಯಾಟಿನ್ನಿನ "ಕಾಪೆರೆ" ಅದರ ದಾಯಾದಿ. (ನೋಡಲು ಅಣ್ಣತಮ್ಮನಂತಿರುವ, ಅದೇ ಅರ್ಥದ ಲ್ಯಾಟಿನ್ "ಹಾಬೇರೆ"ಗೂ ಇದಕ್ಕೂ ಮಾತ್ರ ನೆಂಟಸ್ತನವಿಲ್ಲ.) ಹೀಗಾಗಿ ಇಂಗ್ಲಿಷಿನಲ್ಲಿ ಒಡೆಯನು ಕರ್ತೃವಾಗುತ್ತಾನೆ, ವಸ್ತು ಕರ್ಮವಾಗುತ್ತದೆ. ಕನ್ನಡದಲ್ಲಿ ವಸ್ತುವೇ ಕರ್ತೃ, ಅದು "ಇರುತ್ತದೆ", ಒಡೆಯನು ವಿಭಕ್ತಿ ಹಚ್ಚಿಕೊಂಡು ಪಕ್ಕದಲ್ಲಿ ನಿಲ್ಲುತ್ತಾನೆ. "ನನಗೆ ಇಬ್ಬರು ಮಕ್ಕಳಿದ್ದಾರೆ" ಎಂಬಲ್ಲಿ "ಇದ್ದಾರೆ" ಎಂಬುದು ಹೊಂದಿಕೊಂಡಿರುವುದು ಮಕ್ಕಳಿಗೆ, ನನಗಲ್ಲ.

ಆ ವಿಭಕ್ತಿಯ ಆಯ್ಕೆಯಲ್ಲಿ ಕನ್ನಡ ಇಂಗ್ಲಿಷಿಗಿಂತ ಸೂಕ್ಷ್ಮವಾಗಿದೆ. "ನನಗೆ ಇಬ್ಬರು ಮಕ್ಕಳಿದ್ದಾರೆ", "ನನ್ನ ಹತ್ತಿರ ಸೈಕಲ್ ಇದೆ", "ಅವರಲ್ಲಿ ತಾಳ್ಮೆಯಿದೆ", "ಈ ಮನೆಗೆ ಎರಡು ಬಾಗಿಲುಗಳಿವೆ" ಎಂಬ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ ಸಾಕು. ನಾವೋ "ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ" ಎಂದರೆ ಯಾರದೋ ಮಕ್ಕಳು ನಮ್ಮಲ್ಲಿ ಉಳಿದುಕೊಂಡಿದ್ದಾರೆ ಎಂದು ಕೇಳಿದವರು ತಿಳಿಯುತ್ತಾರೆ. ಇದು ನಮ್ಮ ಭಾಷೆಯ ಕೊರತೆಯೂ ಅಲ್ಲ, ವಿಚಿತ್ರವೂ ಅಲ್ಲ. ಲ್ಯಾಟಿನ್ನಿನಲ್ಲಿಯೂ "ಮಿಹಿ ಎಸ್ಟ್ ಲಿಬೆರ್", ಅಂದರೆ "ನನಗೆ ಪುಸ್ತಕವಿದೆ" ಎಂಬ ರಚನೆಯಿತ್ತು. ರಷ್ಯನ್ನರು ಇಂದಿಗೂ "ನನ್ನ ಬಳಿ ಇದೆ" ಎಂಬ ಧಾಟಿಯಲ್ಲಿಯೇ ಮಾತನಾಡುತ್ತಾರೆ. ಫ್ರೆಂಚ್ ಭಾಷಾಶಾಸ್ತ್ರಜ್ಞ ಎಮಿಲ್ ಬೆನ್ವೆನಿಸ್ತ್ 1960ರ ಲೇಖನವೊಂದರಲ್ಲಿ, ಜಗತ್ತಿನ ಹೆಚ್ಚಿನ ಭಾಷೆಗಳು "ಒಬ್ಬನಿಗೆ ಇರುವುದು" ಎಂಬ ದಾರಿಯನ್ನೇ ಹಿಡಿದಿವೆ, "ಹ್ಯಾವ್"ನಂಥ ಕ್ರಿಯಾಪದವೇ ಅಪರೂಪ ಎಂದು ವಾದಿಸಿದ್ದರು.

"ಹೊಂದು" ಎಂಬುದನ್ನು ನಾನು ನನ್ನ ಅನುವಾದಗಳಿಂದ ಪೂರ್ತಿ ಹೊರಗಿಟ್ಟಿದ್ದೇನೆ. "ಅವರು ಮೂವರು ಪುತ್ರರನ್ನು ಹೊಂದಿದ್ದಾರೆ" ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ಹಿಂದಿರುವ ಇಂಗ್ಲಿಷ್ ವಾಕ್ಯ ಕಣ್ಣಿಗೆ ಕಟ್ಟುತ್ತದೆ.

ಉತ್ತರ 2: ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಧಾರವಾಡ

ಮೈಸೂರಿನ ಮಿತ್ರರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ "ಹೊಂದು" ಎಂಬ ಪದಕ್ಕೆ ಪೂರ್ತಿ ಬಹಿಷ್ಕಾರ ಬೇಕಿಲ್ಲ. ಬಣ್ಣ ಹೊಂದುತ್ತದೆ, ಅತ್ತೆ ಸೊಸೆಗೆ ಹೊಂದುವುದಿಲ್ಲ, ನೌಕರರು ನಿವೃತ್ತಿ ಹೊಂದುತ್ತಾರೆ. ಸೇರುವುದು, ಪಡೆಯುವುದು ಅದರ ಸಹಜವಾದ ಅರ್ಥ. ಆದುದರಿಂದ ಪಡೆದುಕೊಂಡ ವಸ್ತುವಿಗೆ, ಉದಾಹರಣೆಗೆ "ಚಾಲನಾ ಪರವಾನಗಿ ಹೊಂದಿರುವವರು" ಎಂಬಲ್ಲಿ, ಅದು ಕಿವಿಗೆ ಚುಚ್ಚುವುದಿಲ್ಲ. ಜ್ವರವನ್ನು ಯಾರೂ ಅರ್ಜಿ ಹಾಕಿ ಪಡೆಯುವುದಿಲ್ಲವಾದ್ದರಿಂದ ನಿಮ್ಮ ತರಗತಿ ನಕ್ಕಿತು.

ಇನ್ನು "ಹ್ಯಾವಿಂಗ್" ವಿಷಯ. ಒಡೆತನ, ನೆಂಟಸ್ತನ, ಕಾಯಿಲೆ ಇವು ಸ್ಥಿತಿಗಳು, ನಡೆಯುತ್ತಿರುವ ಕ್ರಿಯೆಗಳಲ್ಲ. ಸೈಕಲ್ಲು ನಿಮ್ಮದಾಗಿರುವುದಕ್ಕೆ ನೀವು ಈ ಕ್ಷಣ ಏನನ್ನೂ ಮಾಡುತ್ತಿಲ್ಲ, ಆದ್ದರಿಂದ ಅಲ್ಲಿ "ಹ್ಯಾವಿಂಗ್" ನಿಲ್ಲದು. ಊಟ, ಸ್ನಾನ, ಹರಟೆ, ಜಗಳ ಇವು ಕ್ರಿಯೆಗಳು. ಇಲ್ಲಿ "ಹ್ಯಾವ್" ತನ್ನ ಅರ್ಥವನ್ನು ಬಿಟ್ಟುಕೊಟ್ಟು ಮುಂದಿನ ನಾಮಪದದ ಅರ್ಥವನ್ನೇ ಹೊತ್ತುಕೊಳ್ಳುತ್ತದೆ. ಮಕ್ಕಳಿಗೆ ಒಂದು ಸುಲಭದ ಒರೆಗಲ್ಲನ್ನು ಕೊಡಬಹುದು: ಕನ್ನಡದಲ್ಲಿ "ಇದೆ" ಎಂದು ಬಂದರೆ "ಹ್ಯಾವ್", "ಮಾಡುತ್ತಿದ್ದೇನೆ" ಎಂದು ಬಂದರೆ "ಹ್ಯಾವಿಂಗ್". ನಮ್ಮಲ್ಲಿ ಅನೇಕ ಗೃಹಿಣಿಯರು "ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್" ಎನ್ನುವುದುಂಟು. ಇಂಗ್ಲಿಷ್ ಮನೆಮಾತಿನವರು ಅದನ್ನು ಕೇಳಿದರೆ ಅವಳಿ ಮಕ್ಕಳ ಬಸುರಿ ಎಂದು ತಿಳಿದು ಕುಳಿತುಕೊಳ್ಳಲು ಕುರ್ಚಿ ಕೊಟ್ಟಾರು.

ಉತ್ತರ 3: ತಾಂತ್ರಿಕ ಬರಹಗಾರ್ತಿ, ಬೆಂಗಳೂರು

ಸರ್, ನಿಮ್ಮ ಒರೆಗಲ್ಲು ಒಂದು ಕಡೆ ಕೈಕೊಡುತ್ತದೆ. "ನಾಳೆ ಸಭೆ ಇದೆ" ಎಂಬಲ್ಲಿ ಕನ್ನಡದಲ್ಲಿ "ಇದೆ" ಎಂದೇ ಇದ್ದರೂ "ವಿ ಆರ್ ಹ್ಯಾವಿಂಗ್ ಎ ಮೀಟಿಂಗ್ ಟುಮಾರೊ" ಎಂಬುದು ಸರಿಯಾದ ಇಂಗ್ಲಿಷ್, ಏಕೆಂದರೆ ನಿಶ್ಚಯವಾಗಿರುವ ಮುಂದಿನ ಕಾರ್ಯಕ್ರಮಕ್ಕೆ ಇಂಗ್ಲಿಷ್ ಅದೇ ರೂಪವನ್ನು ಬಳಸುತ್ತದೆ. ಎಂಟನೆಯ ತರಗತಿಗೆ ಇದು ಬೇಡವೆನ್ನಿಸಿದರೆ ಬಿಡಬಹುದು.

ನನಗೆ ಇದಕ್ಕಿಂತ ಮುಖ್ಯವೆನ್ನಿಸುವುದು ಸಹಾಯಕ ಕ್ರಿಯಾಪದವಾಗಿ ಬರುವ "ಹ್ಯಾವ್". "ಐ ಹ್ಯಾವ್ ರಿಟನ್" ಎಂಬುದಕ್ಕೆ ನಾವು "ಬರೆದಿದ್ದೇನೆ" ಎನ್ನುತ್ತೇವೆ. ಅದನ್ನು ಬಿಡಿಸಿದರೆ "ಬರೆದು" ಮತ್ತು "ಇದ್ದೇನೆ". ಇಂಗ್ಲಿಷ್ "ಹ್ಯಾವ್" ಮಾಡುವ ಕೆಲಸವನ್ನು ಇಲ್ಲಿಯೂ "ಇರು" ಎಂಬುದೇ ಮಾಡುತ್ತಿದೆ. ಹೋಲಿಕೆ ಇಷ್ಟು ಹತ್ತಿರವಾಗಿರುವುದರಿಂದಲೇ ನಾವು ಎಡವುತ್ತೇವೆ. "ನಿನ್ನೆ ಅವರನ್ನು ನೋಡಿದ್ದೇನೆ" ಎಂಬುದು ಚೊಕ್ಕ ಕನ್ನಡ. ಅದನ್ನೇ ಹಾಗೆ ಎತ್ತಿಕೊಂಡು "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ" ಎಂದರೆ ತಪ್ಪಾಗುತ್ತದೆ. ಮುಗಿದುಹೋದ ಕಾಲವನ್ನು ಹೆಸರಿಸಿದ ಕೂಡಲೇ ಇಂಗ್ಲಿಷ್ "ಹ್ಯಾವ್" ಅನ್ನು ಕೈಬಿಟ್ಟು "ಐ ಸಾ ಹಿಮ್" ಎನ್ನುತ್ತದೆ. ನಮ್ಮ ಕಚೇರಿಯ ಮಿಂಚಂಚೆಗಳಲ್ಲಿ ನಾನು ಅತಿ ಹೆಚ್ಚು ತಿದ್ದುವ ತಪ್ಪು ಇದೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸೋಮವಾರ ಹಲಗೆಯ ಮೇಲೆ "ಹೊಂದು" ಬದಲು "ನನಗೆ, ನನ್ನ ಹತ್ತಿರ, ನನ್ನಲ್ಲಿ" ಎಂದು ಮೂರು ಕಂಬ ಎಳೆದು ಮಕ್ಕಳಿಂದಲೇ ವಾಕ್ಯಗಳನ್ನು ತುಂಬಿಸುತ್ತೇನೆ. ಪಾಠದಲ್ಲಿ ಮುಂದೆ "ಹ್ಯಾಡ್ ಹಿಸ್ ಹೇರ್ ಕಟ್" ಮತ್ತು "ಹ್ಯಾವ್ ಟು ಗೋ" ಎಂಬ ಎರಡು ಪ್ರಯೋಗಗಳಿವೆ. ಇವುಗಳನ್ನೂ ಇದೇ ಬುಟ್ಟಿಗೆ ಹಾಕಬಹುದೇ?

ಉತ್ತರ 4: ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಧಾರವಾಡ

ಬೆಂಗಳೂರಿನವರ ತಿದ್ದುಪಡಿಯನ್ನು ಒಪ್ಪಿಕೊಂಡೆ. ಮೊದಲನೆಯದು ಬೇರೆ ಬುಟ್ಟಿಗೆ. ಅಲ್ಲಿ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಲಾಗಿದೆ. ಅದಕ್ಕೆ ನಮ್ಮಲ್ಲಿ "ಇಸು" ಪ್ರತ್ಯಯವಿದೆ: ಕಟಿಂಗ್ ಮಾಡಿಸಿಕೊಂಡ, ಅಂಗಿ ಹೊಲಿಸಿದ, ಮನೆ ಕಟ್ಟಿಸಿದ. ಆದರೆ "ಹಿ ಹ್ಯಾಡ್ ಹಿಸ್ ಬ್ಯಾಗ್ ಸ್ಟೋಲನ್" ಎಂಬುದಕ್ಕೆ ಯಾರಾದರೂ "ಚೀಲ ಕದಿಸಿದ" ಎಂದು ಬರೆಯದಂತೆ ನೋಡಿಕೊಳ್ಳಿ. ಪಾಪ, ಅವನ ಚೀಲ ಕಳುವಾಗಿದೆ ಅಷ್ಟೆ.

ಎರಡನೆಯದನ್ನು ಅದೇ ಬುಟ್ಟಿಗೆ ಹಾಕಬಹುದು. "ಐ ಹ್ಯಾವ್ ಟು ಗೋ" ಎಂದರೆ "ಹೋಗಬೇಕಿದೆ", "ಹೋಗುವುದಿದೆ". ನಮ್ಮ ಕಡೆ "ನಂಗ ಬ್ಯಾಂಕಿಗೆ ಹೋಗೂದೈತಿ" ಎನ್ನುವಾಗ ಒಡೆತನಕ್ಕೆ ಬರುವ ಅದೇ "ನನಗೆ" ಮತ್ತು ಅದೇ "ಇದೆ" ಮತ್ತೆ ಬಂದಿರುವುದನ್ನು ಗಮನಿಸಿ. ಓದಿಸುವಾಗ ಮಾತ್ರ ಒಂದು ಎಚ್ಚರ: ಈ ಅರ್ಥದಲ್ಲಿ ಅದನ್ನು "ಹ್ಯಾವ್ ಟು" ಎಂದಲ್ಲ, "ಹ್ಯಾಫ್ ಟು" ಎಂದು ಉಚ್ಚರಿಸುತ್ತಾರೆ.